ಫ್ಯಾಂಟಮ್ಮನ ಹಿಂದಿನ ಶಿಲ್ಕು

ಮಾರ್ಚ್ ತಿಂಗಳಲ್ಲಿ ಬ್ಯಾಂಕಿನವನಿಂದ ಬರವಣಿಗೆ ನಿರೀಕ್ಷಿಸಬೇಡಿ ಅಂತ ಪ್ರತಿ ವರ್ಷ ಹೇಳುತ್ತಲೇ ಇರುತ್ತೇನೆ. ಈ ಸಲವೂ ಹಾಗೇ ಆಯಿತು. ವರ್ಷದ ಲೆಕ್ಕ ಮುಗಿಸಿ, ಆಡಿಟರುಗಳ ಪ್ರಶ್ನೆಗಳಿಗೆ ಉತ್ತರ ಕೊಟ್ಟು, ಉಸ್ಸಪ್ಪಾ ಅಂತ ಕೂತ ಮೊದಲ ಭಾನುವಾರವೇ ಮನೆಯಲ್ಲಿ ಜಗಳ. ಆಸ್ತಿಗಾಗಿ ಅಲ್ಲ, ರಾಜಕೀಯಕ್ಕಾಗಿ ಅಲ್ಲ. ಸ್ಪೈಡರ್‌ಮ್ಯಾನ್‌ಗಾಗಿ! ಐವತ್ತು ದಾಟಿದ ಗಂಡಸು ಇದಕ್ಕೆಲ್ಲ ಜಗಳ ಆಡೋದೇ ಅಂತ ನನ್ನ ಹೆಂಡತಿ ಕೇಳಿದಳು. ಆಡಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಆದದ್ದಿಷ್ಟು. ನನ್ನ ಮಗ ಐರೋಲಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಾನೆ. ವಾರವಿಡೀ ಡೊಂಬಿವಲಿಯಿಂದ ಠಾಣೆ, ಠಾಣೆಯಿಂದ ಟ್ರಾನ್ಸ್ ಹಾರ್ಬರ್ ಗಾಡಿ ಅಂತ ನಿಂತೇ ಓಡಾಡುವವನು ಭಾನುವಾರ ಸೋಫಾ ಬಿಟ್ಟು ಏಳುವುದಿಲ್ಲ. ಅವತ್ತು ಟೀವಿಯಲ್ಲಿ 'ಅಕ್ರಾಸ್ ದಿ ಸ್ಪೈಡರ್‌ವರ್ಸ್' ಹಾಕಿದ್ದ. 2023ರಲ್ಲಿ ಕಲ್ಯಾಣದ ಮಾಲಿನಲ್ಲಿ ಇಬ್ಬರೂ ನೋಡಿದ ಸಿನಿಮಾ. ಆಗ ಕನ್ನಡದಲ್ಲೂ ಡಬ್ ಆಗಿ ಬಂದಿತ್ತಂತೆ. ಕಲ್ಯಾಣದಲ್ಲಿ ಕನ್ನಡ ಶೋ ನಮಗೆ ಯಾರು ಹಾಕುತ್ತಾರೆ? ಹಿಂದಿಯಲ್ಲೇ ನೋಡಿದೆವು. ಅದರಲ್ಲಿ ಪವಿತ್ರ ಪ್ರಭಾಕರ ಎಂಬ ನಮ್ಮ ದೇಶದ ಸ್ಪೈಡರ್‌ಮ್ಯಾನ್ ಬರುತ್ತಾನೆ, ಅವನಿಗೆ ಹಿಂದಿ ದನಿ ಕೊಟ್ಟವನು ಕ್ರಿಕೆಟಿಗ ಶುಭಮನ್ ಗಿಲ್. ಮುಂಬಯಿ, ಮ್ಯಾನ್‌ಹಟನ್ ಎರಡನ್ನೂ ಕಲಸಿ ಮುಂಬಾಟನ್ ಅಂತ ಒಂದು ಊರು. ಟ್ರಾಫಿಕ್ಕು, ಚಾಯ್ ಬಗ್ಗೆ ಒಂದು ಜೋಕು, ಗಾಳಿಗೆ ಹಾರುವ ಸೊಗಸಾದ ಕೂದಲು. ಮಗ ಸಂತೋಷಪಟ್ಟು, "ಅಪ್ಪಾ, ನೋಡ್ರಿ, ನಮ್ಮ ಬಾಂಬೆ ಹುಡುಗ!" ಅಂದ.

"ನಮ್ಮ ಬಾಂಬೆಯವನೇನೋ ಹೌದು. ಆದರ ಇಂವ ಎಲ್ಲಿಂದ ಬಂದಾನ ಅಂತ ಈ ಸಿನಿಮಾದವ್ರಿಗೆ ನೆನಪೈತೇನು?" ಅಂದೆ ನಾನು. ಅಲ್ಲಿಗೆ ಶುರು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಈ ಪವಿತ್ರ 2004ರಲ್ಲಿ ಹುಟ್ಟಿದವನು. ಶರದ್ ದೇವರಾಜನ್, ಸುರೇಶ್ ಸೀತಾರಾಮನ್, ಚಿತ್ರಕಾರ ಜೀವನ್ ಕಾಂಗ್ ಸೇರಿ ಅಮೆರಿಕದ ಪೀಟರ್ ಪಾರ್ಕರನನ್ನು ಪವಿತ್ರ ಪ್ರಭಾಕರ ಮಾಡಿದರು. ಹಳ್ಳಿಯ ಹುಡುಗ, ಸ್ಕಾಲರ್‌ಶಿಪ್ ಸಿಕ್ಕು ಮುಂಬಯಿಗೆ ಬರುತ್ತಾನೆ. ಜೊತೆಗೆ ಭೀಮ ಚಿಕ್ಕಪ್ಪ, ಮಾಯಾ ಚಿಕ್ಕಮ್ಮ. ಧೋತರ ಉಟ್ಟು ಶಾಲೆಗೆ ಹೋದರೆ ಎಲ್ಲರೂ ನಗುತ್ತಾರೆ. ಶಕ್ತಿ ಕೊಡುವುದು ವಿಕಿರಣದ ಜೇಡ ಅಲ್ಲ, ಒಬ್ಬ ಯೋಗಿ. ಅಮೆರಿಕದ ಗ್ರೀನ್ ಗಾಬ್ಲಿನ್ ಇಲ್ಲಿ ರಾಕ್ಷಸ. ಮೇಲೆ ಜೇಡದ ಅಂಗಿ, ಕೆಳಗೆ ಧೋತರದ ಕಚ್ಚೆ! ಆ ಕಾಲದಲ್ಲಿ ನಾನೂ ನಕ್ಕಿದ್ದೆ. ಪರದೇಶದವರಿಗೆ ಭಾರತ ಮಾರುವವರು ಯೋಗಿ, ರಾಕ್ಷಸ, ಧೋತರ ಬಿಟ್ಟು ಬೇರೇನೂ ಕಾಣದವರು ಅಂತ ಬೈದಿದ್ದೆ.

ಈಗ ಆ ನಗುವನ್ನು ಅರ್ಧ ವಾಪಸ್ ತೆಗೆದುಕೊಳ್ಳುತ್ತೇನೆ. ಯೋಗಿ ಬೇಕಿರಲಿಲ್ಲ, ಆ ಮಾತು ಬದಲಾಗಿಲ್ಲ. ಆದರೆ ಹಳ್ಳಿಯಿಂದ ಬಂದು ಕ್ಲಾಸಿನಲ್ಲಿ ನಗೆಪಾಟಲಾಗುವ ಹುಡುಗ ಇದ್ದನಲ್ಲ, ಅವನು ಸುಳ್ಳಲ್ಲ. ಗದುಗಿನಿಂದ ಒಂದು ತಗಡಿನ ಟ್ರಂಕು ಹಿಡಿದು ಇಲ್ಲಿಗೆ ಬಂದು, ಹಿಂದಿಯಲ್ಲಿ ಗಂಡು ಹೆಣ್ಣು ತಪ್ಪಿಸಿ ಮಾತಾಡಿ, ಬ್ರಾಂಚಿನಲ್ಲಿ ಎರಡು ವರ್ಷ ಎಲ್ಲರ ಚಹಾ ಹೊತ್ತಿನ ತಮಾಷೆಯಾದವನಿಗೆ ಅದು ಗೊತ್ತು. ಮುಖ್ಯವಾಗಿ ಅವರು ಮೂಲ ಕಥೆಯ ಸಾಲವನ್ನು ಉಳಿಸಿಕೊಂಡಿದ್ದರು. ಒಬ್ಬ ಹೆಂಗಸಿಗೆ ಗೂಂಡಾಗಳು ತೊಂದರೆ ಕೊಡುವಾಗ ಪವಿತ್ರ ನನಗೇಕೆ ಅಂತ ಹೋಗಿಬಿಡುತ್ತಾನೆ. ಅವಳನ್ನು ಉಳಿಸಲು ಹೋದ ಭೀಮ ಚಿಕ್ಕಪ್ಪ ಸಾಯುತ್ತಾನೆ. 1962ರಲ್ಲಿ ಅಮೆರಿಕದ ಹುಡುಗ ಕಳ್ಳನನ್ನು ಬಿಟ್ಟು ಚಿಕ್ಕಪ್ಪನನ್ನು ಕಳೆದುಕೊಂಡನಲ್ಲ, ಅದೇ ಬಾಕಿ. ಊರು ಬದಲಾಯಿತು, ಹೆಸರು ಬದಲಾಯಿತು, ಬಟ್ಟೆ ಬದಲಾಯಿತು, ಬಾಕಿ ಮಾತ್ರ ಮುಂದಕ್ಕೆ ಬಂತು.

ಸಿನಿಮಾದ ಪವಿತ್ರನಲ್ಲಿ ನನಗೆ ಹಳ್ಳಿ ಕಾಣಲಿಲ್ಲ. ಟ್ರಂಕು ಕಾಣಲಿಲ್ಲ. ಎಲ್ಲವೂ ಅವನಿಗೆ ಸಲೀಸು. ಚಂದದ ಹುಡುಗ, ಆದರೆ ಇವತ್ತು ಬೆಳಿಗ್ಗೆ ತೆರೆದ ಖಾತೆ.

ನಾನು ಓದಿದ್ದು ಬಿಕಾಂ. ಸಾಹಿತ್ಯ ವಿಮರ್ಶೆಯ ಮಾತು ನನಗೆ ಬರುವುದಿಲ್ಲ, ಲೆಕ್ಕದ ಮಾತು ಬರುತ್ತದೆ. ಹಳೇ ಕಿರ್ದಿ ಪುಸ್ತಕದ ಪ್ರತಿ ಪುಟ 'ಹಿಂದಿನ ಶಿಲ್ಕು' ಎಂಬಲ್ಲಿಂದ ಶುರುವಾಗುತ್ತಿತ್ತು. ನಿನ್ನೆಯ ಅಖೈರು ಶಿಲ್ಕು ಇವತ್ತಿನ ಮೊದಲ ಸಾಲು. ಪುಸ್ತಕ ತುಂಬಿದರೆ ಹೊಸದು ತೆರೆಯಿರಿ, ಬೇಕಾದರೆ ರೆಕ್ಸಿನ್ ಬೈಂಡು ಹಾಕಿಸಿ, ಕಂಪ್ಯೂಟರಿಗೇ ಹಾಕಿ. ಮೊದಲ ಸಾಲು ಮಾತ್ರ ಹಳೆಯದರಿಂದಲೇ ಬರಬೇಕು. ಹಾಗೆ ತರದೆ ಹೊಸ ಪುಸ್ತಕ ತೆರೆಯುವವನು ಒಂದೋ ದಡ್ಡ, ಇಲ್ಲವೇ ಏನನ್ನೋ ಮುಚ್ಚಿಡುತ್ತಿದ್ದಾನೆ. ಕಾಮಿಕ್ಸಿನ ದೊಡ್ಡ ಕಂಪನಿಗಳು ನಲವತ್ತು ವರ್ಷದಿಂದ ಮಾಡುತ್ತಿರುವುದು ಇದನ್ನೇ ಎನ್ನುವುದು ನನ್ನ ತಕರಾರು.

ಡಿಸಿ ಕಂಪನಿಯನ್ನೇ ತಗೊಳ್ಳಿ. ಸೂಪರ್‌ಮ್ಯಾನ್ ಬಂದದ್ದು 1938ರಲ್ಲಿ, 'ಆಕ್ಷನ್ ಕಾಮಿಕ್ಸ್'ನ ಮೊದಲ ಸಂಚಿಕೆಯಲ್ಲಿ. 1985-86ರಲ್ಲಿ ಒಂದು ಪ್ರಳಯ ಮಾಡಿಸಿ ಹಳೇ ಕಥೆಗಳನ್ನೆಲ್ಲ ಅಳಿಸಿದರು. ಸರಿ, ಗೋಜಲಾಗಿತ್ತು ಅಂತ ಕ್ಷಮಿಸೋಣ. 1996ರಲ್ಲಿ ಸೂಪರ್‌ಮ್ಯಾನ್‌ಗೂ ಲೋಯಿಸ್ ಲೇನ್‌ಗೂ ಮದುವೆ ಮಾಡಿಸಿದರು. 2011ರಲ್ಲಿ ಮತ್ತೆ ಎಲ್ಲ ಅಳಿಸಿ, 52 ಪತ್ರಿಕೆಗಳನ್ನು ಒಂದನೇ ನಂಬರಿನಿಂದ ಶುರು ಮಾಡಿದರು. ಮದುವೆಯೂ ಹೋಯಿತು! 904 ಸಂಚಿಕೆ ಕಂಡಿದ್ದ 'ಆಕ್ಷನ್ ಕಾಮಿಕ್ಸ್' ಮತ್ತೆ ನಂಬರ್ ಒಂದು. ಐದು ವರ್ಷ ಕಳೆಯಿತು. ಹೊಸ ಎಣಿಕೆಯಲ್ಲಿ 52 ಸಂಚಿಕೆ ಮುಗಿದ ಮೇಲೆ, 2016ರಲ್ಲಿ, ಮುಂದಿನ ಸಂಚಿಕೆಗೆ ಎಷ್ಟನೇ ನಂಬರು ಕೊಟ್ಟರು ಗೊತ್ತೇ? 957. ಲೆಕ್ಕ ನೋಡಿ: 904ಕ್ಕೆ 52 ಕೂಡಿಸಿದರೆ 956. ಅಂದರೆ ಸಸ್ಪೆನ್ಸ್ ಖಾತೆಯಲ್ಲಿ ಇಟ್ಟಿದ್ದನ್ನು ಸದ್ದಿಲ್ಲದೆ ಹಳೇ ಖಾತೆಗೆ ಜಮಾ ಮಾಡಿದರು! 2018ರಲ್ಲಿ ಸಾವಿರನೇ ಸಂಚಿಕೆ ಬಂತು, ಎಂಬತ್ತು ವರ್ಷದ ಉತ್ಸವ ಆಯಿತು. ಹಳೇ ಪುಸ್ತಕ ಕಸದ ಬುಟ್ಟಿಗೆ ಅಂತ ಹೇಳಿದವರೇ ಉತ್ಸವದ ದಿನ ಅದನ್ನು ಹುಡುಕಿ ತಂದರು. ಲೋಯಿಸಳನ್ನು ಮದುವೆಯಾಗಿ ಮಗನಿರುವ ಹಳೇ ಸೂಪರ್‌ಮ್ಯಾನನನ್ನೂ ಆಷ್ಟರಲ್ಲಿ ವಾಪಸ್ ಕರೆತಂದಿದ್ದರು.

ಮಾರ್ವೆಲ್‌ನದು ಇದಕ್ಕಿಂತ ಕೆಟ್ಟದು. ಸ್ಪೈಡರ್‌ಮ್ಯಾನ್ ಮದುವೆ 1987ರಲ್ಲಿ ಆಗಿತ್ತು. 2007ರ ಕೊನೆಗೆ ಒಂದು ಕಥೆ ತಂದರು. ಗುಂಡೇಟು ತಿಂದ ಚಿಕ್ಕಮ್ಮನನ್ನು ಉಳಿಸಲು ಪೀಟರ್ ಪಾರ್ಕರ್ ಸೈತಾನನ ಜೊತೆ ಕರಾರು ಮಾಡಿಕೊಳ್ಳುತ್ತಾನೆ. ಬೆಲೆ ಅವನ ಮದುವೆ. ಬೆಳಿಗ್ಗೆ ಎದ್ದರೆ ಆ ಮದುವೆ ಆಗಿಯೇ ಇಲ್ಲ, ಯಾರಿಗೂ ನೆನಪಿಲ್ಲ. ಇಪ್ಪತ್ತು ವರ್ಷದ ಸಂಸಾರ ಒಂದು ರಾತ್ರಿಯಲ್ಲಿ ರೈಟ್ ಆಫ್! ಮದುವೆಯಾದವನು ವಯಸ್ಸಾದವನಂತೆ ಕಾಣುತ್ತಾನೆ, ಎಳೆಯ ಓದುಗರಿಗೆ ಹಿಡಿಸುವುದಿಲ್ಲ ಎನ್ನುವುದು ಸಂಪಾದಕರ ವಾದವಾಗಿತ್ತು. ಎಲಾ ಇವರ! ನಾನು ಮದುವೆಯಾಗಿ ಮೂವತ್ತು ವರ್ಷ ಹತ್ತಿರ ಬಂತು, ಸಂಜೆ 6.20ರ ಡೊಂಬಿವಲಿ ಲೋಕಲ್ಲಿನ ಬಾಗಿಲಲ್ಲಿ ಜೋತಾಡುವುದನ್ನು ಯಾವ ಸೂಪರ್ ಹೀರೋಗಿಂತ ಕಡಿಮೆ ಮಾಡಿಲ್ಲ.

ಇದನ್ನೆಲ್ಲ ನಾನು ಸುಮ್ಮನೆ ಹೇಳುತ್ತಿಲ್ಲ. ನಮ್ಮ ಬ್ರಾಂಚು ಕೈಬರಹದ ಲೆಡ್ಜರು ಬಿಟ್ಟು ಕಂಪ್ಯೂಟರಿಗೆ ಹೋದ ಕಾಲದಲ್ಲಿ, ಕಲ್ಯಾಣದ ಕಡೆಯ ಒಬ್ಬ ಆಜಿ ಪಾಸ್‌ಬುಕ್ ಹಿಡಿದು ಬಂದಳು. ಮಶೀನಿನಲ್ಲಿ ಅವಳ ಶಿಲ್ಕು ಸೊನ್ನೆ. ಹೊಸ ಹುಡುಗ ಕೌಂಟರಿನಿಂದ, "ಆಜಿ, ಸಿಸ್ಟಮ್ಮಿನಲ್ಲಿ ಏನೂ ಇಲ್ಲ" ಅಂತ ಎರಡು ಸಲ ಕಳಿಸಿದ್ದ. ಮೂರನೇ ಸಲ ನನ್ನ ಮೇಜಿಗೆ ಬಂದಳು. ರೆಕಾರ್ಡ್ ರೂಮಿನಲ್ಲಿ ಗೆದ್ದಲು ಹಿಡಿದ ಲೆಡ್ಜರುಗಳ ನಡುವೆ ಮೂರು ತಾಸು ಕೂತು ಅವಳ ಪುಟ ಹುಡುಕಿದೆ. ಅವಳ ಗಂಡ ಸತ್ತ ಮೇಲೆ ಬಂದ ಹಣ, ಆಮೇಲೆ ಒಂದು ರೂಪಾಯಿಯನ್ನೂ ತೆಗೆದಿರಲಿಲ್ಲ. ವ್ಯವಹಾರ ಇಲ್ಲದ ಖಾತೆ ಅಂತ ವರ್ಗಾವಣೆಯಲ್ಲಿ ಯಾರೋ ಬಿಟ್ಟಿದ್ದರು. ಹೊಸ ವ್ಯವಸ್ಥೆ ಎಷ್ಟು ಥಳಥಳ ಹೊಳೆಯುತ್ತಿತ್ತು! ಆ ದಿನದಿಂದ ಯಾರಾದರೂ 'ಫ್ರೆಶ್ ಸ್ಟಾರ್ಟ್' ಎಂದರೆ ನನಗೆ ಆ ಸೊನ್ನೆಯೇ ಕಣ್ಣಿಗೆ ಬರುತ್ತದೆ.

ಈಗ ಫ್ಯಾಂಟಮ್ಮನ ಕಡೆ ಬರುತ್ತೇನೆ. ನನ್ನ ವಯಸ್ಸಿನವರಿಗೆ ಅವನು ಎರಡು ದಾರಿಯಿಂದ ಬಂದ. ಊರಲ್ಲಿ 'ಸುಧಾ' ವಾರಪತ್ರಿಕೆಯ ಪಟ್ಟಿಯಲ್ಲಿ, ಮತ್ತೆ ರೈಲ್ವೆ ಸ್ಟೇಶನ್ನಿನ ಅಂಗಡಿಯ ಇಂದ್ರಜಾಲ ಕಾಮಿಕ್ಸಿನಲ್ಲಿ. ಟೈಮ್ಸ್ ಆಫ್ ಇಂಡಿಯಾದವರು ಇಂದ್ರಜಾಲ ಶುರು ಮಾಡಿದ್ದು 1964ರ ಮಾರ್ಚಿನಲ್ಲಿ, ಇದೇ ಮುಂಬಯಿಯಲ್ಲಿ. ಅದು ಶುರುವಾಗುವಾಗ ಅಲ್ಲಿ ಕೆಲಸದಲ್ಲಿದ್ದು ಕೈ ಹಾಕಿದವರಲ್ಲಿ ನಮ್ಮ ಕಾರ್ಕಳದ ಅನಂತ ಪೈ ಒಬ್ಬರು. ಮುಂದೆ ಅಮರ ಚಿತ್ರ ಕಥೆಯ 'ಅಂಕಲ್ ಪೈ' ಆದವರು. ಹನ್ನೆರಡನೇ ವಯಸ್ಸಿಗೆ ಊರು ಬಿಟ್ಟು ಮುಂಬಯಿಗೆ ಬಂದವರು ಅವರೂ. ಇಂದ್ರಜಾಲ 1990ರಲ್ಲಿ ನಿಂತಿತು. ನನ್ನ ಹತ್ತಿರ ನೂರರ ಮೇಲೆ ಪುಸ್ತಕ ಇದ್ದವು. ನಾವು ಮೊದಲು ಇದ್ದದ್ದು ನೆಲಮಾಳಿಗೆಯ ಬ್ಲಾಕಿನಲ್ಲಿ. 2005ರ ಜುಲೈ 26ರ ನೀರು ಒಳಗೆ ಬಂದು ಮಂಚದ ಕೆಳಗಿನ ಟ್ರಂಕು ಮುಳುಗಿತು. ಉಳಿದದ್ದು ಹನ್ನೊಂದು.

ಲೀ ಫಾಕ್ ಎಂಬ ಪುಣ್ಯಾತ್ಮ 1936ರಲ್ಲಿ ಫ್ಯಾಂಟಮ್ಮನನ್ನು ಸೃಷ್ಟಿಸುವಾಗಲೇ ಮರುಹುಟ್ಟಿನ ವ್ಯವಸ್ಥೆಯನ್ನು ಕಥೆಯ ಒಳಗೇ ಇಟ್ಟಿದ್ದ. 1536ರಲ್ಲಿ ಕಡಲ್ಗಳ್ಳರು ಒಂದು ಹಡಗು ಮುಳುಗಿಸಿ ಅಪ್ಪನನ್ನು ಕೊಂದರು, ಮಗ ದಡ ಸೇರಿ, ಕೊಂದವನ ತಲೆಬುರುಡೆಯ ಮೇಲೆ ಕೈಯಿಟ್ಟು ಆಣೆ ಮಾಡಿದ. ಅಂದಿನಿಂದ ಅಪ್ಪನ ನಂತರ ಮಗ, ಇಪ್ಪತ್ತೊಂದು ತಲೆಮಾರು. ಹೊರಗಿನವರು ಸಾವಿಲ್ಲದವನು ಅಂದುಕೊಳ್ಳುತ್ತಾರೆ. ಒಳಗಿನವರಿಗೆ ಗೊತ್ತು, ಪ್ರತಿಯೊಬ್ಬನೂ ಸತ್ತಿದ್ದಾನೆ, ಗುಹೆಯಲ್ಲಿ ಇಪ್ಪತ್ತು ಸಮಾಧಿ ಇವೆ. ಆ ಬುರುಡೆ ಗುಹೆಯಲ್ಲಿ ನನಗೆ ತುಂಬಾ ಇಷ್ಟವಾದ ಕೋಣೆ ಯಾವುದು ಗೊತ್ತೇ? ನಿಧಿಯ ಕೋಣೆಯಲ್ಲ, ದಾಖಲೆಯ ಕೋಣೆ. ಪ್ರತಿ ಫ್ಯಾಂಟಮ್ ತಾನು ಮಾಡಿದ್ದನ್ನೆಲ್ಲ ದಪ್ಪ ದಪ್ಪ ಪುಸ್ತಕಗಳಲ್ಲಿ ಬರೆದಿಡುತ್ತಾನೆ. ಮುಂದಿನವನು ತೆಗೆದು ಓದುತ್ತಾನೆ. ಇಡೀ ಸೂಪರ್ ಹೀರೋ ಲೋಕದಲ್ಲಿ ಲೆಡ್ಜರು ಬರೆಯುವ ಒಬ್ಬನೇ ಹೀರೋ! ಡಯಾನಾಳನ್ನು ನಲವತ್ತು ವರ್ಷ ಕಾಯಿಸಿದರೂ 1977ರಲ್ಲಿ ಮದುವೆಯಾದ, 1979ರಲ್ಲಿ ಅವಳಿ ಮಕ್ಕಳಾದರು, ಕಿಟ್ ಮತ್ತು ಹೆಲೋಯಿಸ್. ಆ ಮದುವೆಯನ್ನು ಅಳಿಸಲು ಯಾವ ಸೈತಾನನನ್ನೂ ಕರೆಸಲಿಲ್ಲ.

ಇಲ್ಲಿ ಮಗ ನನ್ನನ್ನು ಹಿಡಿದ. ಅವನ ಮಾತನ್ನು ಪ್ರಾಮಾಣಿಕವಾಗಿ ಬರೆಯುತ್ತೇನೆ, ಯಾಕೆಂದರೆ ಅದಕ್ಕೆ ತೂಕ ಇದೆ. "ಅಪ್ಪಾ, ನಿಮ್ಮ ಫ್ಯಾಂಟಮ್ ಯಾರು? ಒಬ್ಬ ಬಿಳಿಯ. ಕಾಡಿನ ಕರಿಯರೆಲ್ಲ ಅವನ ಮುಂದೆ ಕೈಕಟ್ಟಿ ನಿಂತಿರ್ತಾರ. ನಾನೂರು ವರ್ಷ ಒಂದೇ ಮನೆತನದ ರಾಜ್ಯಭಾರ. ಈ ಬಾಕೀನೂ ಮುಂದಕ್ಕೆ ತರಬೇಕೇನು? ಅದಕ್ಕೇ ಹೊಸದಾಗಿ ಶುರು ಮಾಡೋದು."

ಸುಮ್ಮನೆ ಕೂತೆ ಸ್ವಲ್ಪ ಹೊತ್ತು. ಅದು ಸುಳ್ಳಲ್ಲ. ಹತ್ತು ವರ್ಷದ ಹುಡುಗನಾಗಿ ಗದುಗಿನ ಕಟ್ಟೆಯ ಮೇಲೆ ಓದುವಾಗ ನಾನು ಫ್ಯಾಂಟಮ್ ಆಗಿದ್ದೆನೇ ಹೊರತು ಗುರಾನ್ ಆಗಿರಲಿಲ್ಲ. ನನ್ನ ಬಣ್ಣ ಮಾತ್ರ ಗುರಾನನ ಕಡೆಗಿತ್ತು. ಅದು ನಾಚಿಕೆಯ ಬಾಬತ್ತೇ.

ಆದರೆ ನೋಡಿ, ಸಾಲ ಇದೆ ಅಂತ ಪುಸ್ತಕ ಸುಡುವುದು ಯಾವ ನ್ಯಾಯ? ಖರ್ಚಿನ ಕಡೆ ಬರೆಯಬೇಕು, ತೀರಿಸಬೇಕು. ಆ ಕೆಲಸ ಅದೇ ಕಥೆಯ ಒಳಗೇ ನಡೆದಿದೆ. ಲೀ ಫಾಕನೇ ಬಂಗಾಲ್ಲಾ ದೇಶಕ್ಕೆ ಚುನಾವಣೆ ತಂದ, ಲಮಾಂಡಾ ಲುವಾಗಾ ಎಂಬ ಕರಿಯ ವೈದ್ಯನನ್ನು ಅಧ್ಯಕ್ಷನನ್ನಾಗಿ ಮಾಡಿದ. ಮಾಂಡ್ರೇಕನ ಲೋಥಾರ್ ಮೊದಲು ಚಿರತೆ ಚರ್ಮ ಸುತ್ತಿಕೊಂಡು ಹರುಕು ಇಂಗ್ಲಿಷ್ ಮಾತಾಡುತ್ತಿದ್ದ. 1965ರಲ್ಲಿ ಫ್ರೆಡ್ ಫ್ರೆಡರಿಕ್ಸ್ ಚಿತ್ರ ಬರೆಯಲು ಬಂದ ಮೇಲೆ ಅವನ ಬಟ್ಟೆಯೂ ಭಾಷೆಯೂ ನೆಟ್ಟಗಾದವು. ಅವನು ಬೇರೆ ಲೋಥಾರ್ ಅಲ್ಲ, ಅದೇ ಲೋಥಾರ್. ನಮ್ಮ ಇಂದ್ರಜಾಲದವರೂ ಕತ್ತರಿ ಆಡಿಸಿದ್ದರು. ಹಳೇ ಪಟ್ಟಿಯಲ್ಲಿ ಆ ನಾಡಿನ ಹೆಸರು ಬೆಂಗಾಲಿ ಅಂತ ಇತ್ತು, ಇಲ್ಲಿ ಅದು ಡೆಂಕಾಲಿ ಆಯಿತು. ಸಿಂಗ್ ಕಡಲ್ಗಳ್ಳರು ಸಿಂಗಾ ಆದರು. ಫ್ಯಾಂಟಮ್ಮನ ಅಪ್ಪನನ್ನು ಕೊಂದವನ ಹೆಸರು ರಾಮ, ಅದನ್ನು ರಾಮಲು ಮಾಡಿದರು. ಈ ಅಂಟಿಸಿದ ಚೀಟಿಗಳ ಬಗ್ಗೆ ನಗಬಹುದು. ಆದರೆ ಆಣೆ ಮುಟ್ಟಲಿಲ್ಲ, ಬುರುಡೆ ಮುಟ್ಟಲಿಲ್ಲ. ಫ್ಯಾಂಟಮ್ಮನ ಬಟ್ಟೆ ನಮ್ಮಲ್ಲಿ ನೇರಳೆ, ಸ್ವೀಡನ್ನಿನಲ್ಲಿ ನೀಲಿ, ಇಟಲಿಯಲ್ಲಿ ಕೆಂಪು. ಯಾವ ಊರಲ್ಲೂ ಯಾರೂ ಇವನು ಬೇರೆಯವನು ಅನ್ನಲಿಲ್ಲ.

ಹೊಸಬರೇ ಬೇಡ ಅನ್ನುವ ಮುದುಕ ನಾನಲ್ಲ. 2011ರಲ್ಲಿ ಮಾರ್ವೆಲ್‌ನವರು ತಮ್ಮ 'ಅಲ್ಟಿಮೇಟ್' ಸರಣಿಯ ಪೀಟರ್ ಪಾರ್ಕರನನ್ನು ಕೊಂದು, ಮೈಲ್ಸ್ ಮೊರಾಲೆಸ್ ಎಂಬ ಕರಿಯ ಹುಡುಗನಿಗೆ ಆ ಮುಖವಾಡ ಕೊಟ್ಟರು. ಅದು ನನಗೆ ಪೂರ್ತಿ ಒಪ್ಪಿಗೆ. ಒಬ್ಬ ಸತ್ತ, ಇನ್ನೊಬ್ಬ ಹೊತ್ತ. ಖಾತೆದಾರ ಬದಲಾದ, ಖಾತೆ ನಡೆಯಿತು. ಫ್ಯಾಂಟಮ್ಮನ ಮಗಳು ಹೆಲೋಯಿಸ್ ನಾಳೆ ಬೆಲ್ಟು ಕಟ್ಟಿದರೂ ನಾನು ಮೊದಲ ಪ್ರತಿ ಕೊಳ್ಳುತ್ತೇನೆ.

ನಮ್ಮವರೇ ಮಾಡಿದ ಒಂದು ಉದಾಹರಣೆ ಮಗನಿಗೆ ಗೊತ್ತೇ ಇರಲಿಲ್ಲ. ಬಹಾದುರ್. 1976ರಲ್ಲಿ ಇಂದ್ರಜಾಲಕ್ಕಾಗಿ ಆಬಿದ್ ಸೂರತಿ ಬರೆದ ಹೀರೋ, ಚಿತ್ರ ಗೋವಿಂದ ಬ್ರಾಹ್ಮಣಿಯಾ ಅವರದು. ಕೇಸರಿ ಕುರ್ತಾ, ಜೀನ್ಸ್ ಪ್ಯಾಂಟು. ಅವನಪ್ಪ ಡಕಾಯಿತ, ಪೋಲೀಸರ ಗುಂಡಿಗೆ ಸತ್ತವನು. ಗುಂಡು ಹೊಡೆದ ಪೋಲೀಸ್ ಅಧಿಕಾರಿಯೇ ಹುಡುಗನನ್ನು ಸಾಕುತ್ತಾನೆ. ಸೇಡು ತೀರಿಸಬೇಕೆಂದಿದ್ದ ಮಗ ಅಪ್ಪನ ಪಾಪ ಏನೆಂದು ತಿಳಿದ ಮೇಲೆ ಡಕಾಯಿತರ ವಿರುದ್ಧವೇ ನಾಗರಿಕ ಸುರಕ್ಷಾ ದಳ ಕಟ್ಟುತ್ತಾನೆ. ಮುಂದೆ ಬರೆಯುವವರು ಬದಲಾದರು, ಚಿತ್ರಕಾರರು ಬದಲಾದರು, ಬಹಾದುರನ ಬಟ್ಟೆಯೂ ಬದಲಾಯಿತು. ಅಪ್ಪನ ಹೆಸರಿನ ಸಾಲ ಮಾತ್ರ ಅವನ ಬೆನ್ನ ಮೇಲೇ ಇತ್ತು. ಫ್ಯಾಂಟಮ್ ಅಪ್ಪನನ್ನು ಕೊಂದವನ ಬುರುಡೆ ಮುಟ್ಟಿದರೆ, ನಮ್ಮ ಬಹಾದುರ್ ಅಪ್ಪನನ್ನು ಕೊಂದವನ ಮನೆಯಲ್ಲಿ ಉಂಡು ಬೆಳೆದ. ಅಮೆರಿಕದ ಕಥೆಯನ್ನು ತಿರುಗಿಸಿ ನಮ್ಮದಾಗಿಸುವುದು ಅಂದರೆ ಇದು, ಧೋತರ ಉಡಿಸುವುದಲ್ಲ. ಈ ಆಬಿದ್ ಸೂರತಿ ನಮ್ಮ ಠಾಣೆ ಜಿಲ್ಲೆಯವರೇ, ಮೀರಾ ರೋಡಿನವರು. 2007ರಲ್ಲಿ ಒಬ್ಬ ಪ್ಲಂಬರನನ್ನು ಜೊತೆಗಿಟ್ಟುಕೊಂಡು ಭಾನುವಾರ ಭಾನುವಾರ ಮನೆಮನೆಗೆ ಹೋಗಿ ಸೋರುವ ನಲ್ಲಿ ಪುಕ್ಕಟೆ ರಿಪೇರಿ ಮಾಡಿಸಲು ಶುರು ಮಾಡಿದರು. ಹಳೇ ನಲ್ಲಿಗೆ ಹೊಸ ವಾಶರ್. ನಲ್ಲಿಯನ್ನೇ ಕಿತ್ತೆಸೆಯಲಿಲ್ಲ.

"ಸರಿ ಅಪ್ಪಾ, ಒಪ್ಪಿದೆ ಅಂತ ಇಟ್ಕೊಳ್ರಿ," ಅಂದ ಮಗ. "ಆದರ ಆ ಸಿನಿಮಾದಾಗ ಕೆಟ್ಟವ ಯಾರು? ಎಲ್ಲಾ ಸ್ಪೈಡರ್‌ಮ್ಯಾನ್‌ಗಳೂ ಒಬ್ಬೊಬ್ಬರನ್ನ ಕಳಕೊಳ್ಳಲೇಬೇಕು, ಪವಿತ್ರನ ಹುಡುಗಿಯ ಅಪ್ಪ ಸಾಯಲೇಬೇಕು ಅಂತ ಹಟ ಹಿಡಿಯೋ ಮಿಗೆಲ್. ನೀವು ಅವನ ಪಾರ್ಟಿ ಆದ್ರಿ."

ಹೊಡೆತ ಚೆನ್ನಾಗಿತ್ತು. ಇಲ್ಲ, ನಾನು ಮಿಗೆಲ್ ಪಾರ್ಟಿ ಅಲ್ಲ. ಆ ಇನ್‌ಸ್ಪೆಕ್ಟರ್ ಸಿಂಗನನ್ನು ಮೈಲ್ಸ್ ಉಳಿಸಿದಾಗ ಥಿಯೇಟರಿನಲ್ಲಿ ನಾನೂ ಚಪ್ಪಾಳೆ ತಟ್ಟಿದ್ದೆ. ಹಿಂದಿನ ಶಿಲ್ಕು ಅಂದರೆ ಹಿಂದೆ ಆದದ್ದನ್ನು ಮರೆಯಬೇಡ ಅಂತಲೇ ಹೊರತು, ಅದನ್ನೇ ಮತ್ತೆ ಮಾಡು ಅಂತಲ್ಲ. ಅಪ್ಪ ಸಾಲ ಮಾಡಿದ ಅಂತ ಮಗನೂ ಸಾಲ ಮಾಡಬೇಕೇ? ಮಿಗೆಲ್ ಹೇಳುವುದು ಪ್ರತಿ ಹೊಸ ಪುಸ್ತಕದಲ್ಲೂ ಹಳೇ ನಷ್ಟವನ್ನೇ ಮತ್ತೊಮ್ಮೆ ಬರೆಯಿರಿ ಅಂತ. ಕಂಪನಿಗಳು ಹೇಳುವುದು ನಷ್ಟ ಆಗಿಯೇ ಇಲ್ಲ ಅಂತ ಬರೆಯಿರಿ ಅಂತ. ಆಡಿಟಿನಲ್ಲಿ ಇಬ್ಬರೂ ಸಿಕ್ಕಿಬೀಳುತ್ತಾರೆ. ಹೀಗಂದೆ. ಮಗ ನಕ್ಕ, ಒಪ್ಪಿದನೋ ಇಲ್ಲವೋ ಗೊತ್ತಾಗಲಿಲ್ಲ.

ಮಧ್ಯಾಹ್ನ ಊಟ ಆದ ಮೇಲೆ ಅಟ್ಟದಿಂದ ಆ ಹನ್ನೊಂದು ಇಂದ್ರಜಾಲ ಇಳಿಸಿದೆ. ಅದರ ಜೊತೆ ಮರೆತೇ ಹೋಗಿದ್ದ ಇನ್ನೊಂದು ಕಟ್ಟು ಸಿಕ್ಕಿತು. 'ಸುಧಾ'ದ ಫ್ಯಾಂಟಮ್ ಪಟ್ಟಿಗಳನ್ನು ನಮ್ಮಣ್ಣ ವಾರವಾರ ಕತ್ತರಿಸಿ, ಗೋಣಿ ಸೂಜಿಯಿಂದ ಹೊಲಿದು ಮಾಡಿದ್ದ ಪುಸ್ತಕ. ನೀರು ಕುಡಿದು ಅಂಚು ಕಂದಾಗಿದೆ. ಮಗ ಇಂಗ್ಲಿಷ್ ಪುಸ್ತಕ ಬಿಟ್ಟು ಅದನ್ನೇ ತೆಗೆದುಕೊಂಡ. ಇವನಿಗೆ ಕನ್ನಡ ಮಾತು ಬರುತ್ತದೆ, ಓದು ಅಷ್ಟಕ್ಕಷ್ಟೇ. ಮರಾಠಿ ಶಾಲೆಯ ಪಕ್ಕದ ಇಂಗ್ಲಿಷ್ ಶಾಲೆಯಲ್ಲಿ ಓದಿದವನು, ರಜೆಯಲ್ಲಿ ಅವನವ್ವ ಪಾಟಿ ಹಿಡಿಸಿ ಕಲಿಸಿದ್ದಷ್ಟೇ. ಒಂದೊಂದೇ ಅಕ್ಷರ ಕೂಡಿಸಿ, ಒತ್ತಕ್ಷರ ಬಂದಲ್ಲಿ ತಡವರಿಸಿ, ತುಟಿ ಅಲ್ಲಾಡಿಸುತ್ತ ಓದಿದ. ನಾನು ಹೇಳಿಕೊಡಲು ಬಾಯಿ ತೆರೆದರೆ ಕೈ ಅಡ್ಡ ಹಿಡಿದ. ಅರ್ಧ ತಾಸಾಯಿತು. ನಾಲ್ಕೋ ಐದೋ ವಾರದ ಕಥೆ ಮುಗಿಸಿ ಪುಟ ತಿರುಗಿಸಿದ. ಅಲ್ಲಿ ದಾರ ಮಾತ್ರ ಇತ್ತು.

"ಅಪ್ಪಾ, ಮುಂದಿನ ವಾರದ್ದು ಎಲ್ಲೈತಿ?"

"ನೀರಿಗೆ ಹೋತಪ್ಪಾ," ಅಂದೆ.

ಅವನು ಫೋನ್ ತೆಗೆದು ಆ ಕೊನೆಯ ಪುಟದ ಫೋಟೋ ಹೊಡೆದುಕೊಂಡ. ಈ ಕಥೆ 'ಸುಧಾ'ದ ಯಾವ ವರ್ಷದ್ದು ಅಂತ ಕೇಳಿದ. ಹಳೇ ಸಂಪುಟ ಕಟ್ಟಿ ಇಟ್ಟುಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಫ್ಯಾಂಟಮ್ ಹಗ್ಗದ ಸೇತುವೆಯ ನಡುವೆ ನಿಂತಿದ್ದಾನೆ, ಎರಡೂ ಕಡೆಯಿಂದ ಬಂದೂಕಿನವರು ಬರುತ್ತಿದ್ದಾರೆ.